ಬಯಲಿಗೆ ತರುವುದು ಎಂದರೆ

ಕೇಳುಗರೇ, ನಮಸ್ಕಾರ. ‘ಗುಟ್ಟು ಬಯಲಾಯಿತು’ ಅಂತ ಎಲ್ಲರೂ ಅನ್ನುತ್ತೇವೆ, ಅಲ್ವಾ? ಮುಚ್ಚಿಟ್ಟದ್ದು ಹೊರಬಿತ್ತು ಅಂತ ಅರ್ಥ. ಆದರೆ ಬಯಲು ಅಂದರೆ ಮೊದಲಿಗೆ ನೆಲ. ಗಿಡದ ಮರೆ, ಗೋಡೆಯ ಮರೆ ಇಲ್ಲದ ನೆಲ. ನಮ್ಮ ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಹೊಲದ ಆಚೆ ತುದಿಯಲ್ಲಿ ಯಾರು ನಡೆದು ಬಂದರೂ ಕಾಣುತ್ತಾರೆ. ಅಲ್ಲಿ ಏನನ್ನು ಬಚ್ಚಿಡಲು ಆಗುತ್ತದೆ?

ಬಲು ಹಳೆಯ ಪದ ಇದು. ತಮಿಳು, ಮಲಯಾಳದಲ್ಲಿ ‘ವಯಲ್’ ಎಂದರೆ ಗದ್ದೆ. ಅವರ ‘ವ’ ನಮ್ಮಲ್ಲಿ ‘ಬ’ ಆಗುತ್ತದೆ. ಅವರ ವೇರ್ ನಮಗೆ ಬೇರು, ಅವರ ವಿಲ್ ನಮಗೆ ಬಿಲ್ಲು. ತೆಲುಗಿನವರು ‘ಬಯಲುಪರಚು’ ಅನ್ನುತ್ತಾರೆ. ತಮಿಳರು ಗುಟ್ಟು ತೆರೆಯುವುದಕ್ಕೆ ಬೇರೆ ಪದ ಹಿಡಿದರು, ಆದರೆ ಯೋಚನೆ ಅದೇ. ‘ವೆಳಿ’ ಎಂದರೆ ಹೊರಗಿನ ತೆರವು, ‘ವೆಳಿಪ್ಪಡುತ್ತು’ ಎಂದರೆ ಬಯಲು ಮಾಡು. ಸಂಸ್ಕೃತದ ‘ಅನಾವರಣ’ದಲ್ಲಿ ಮುಸುಕು ತೆಗೆದರೆ ಕೆಲಸ ಮುಗಿಯಿತು. ನಮ್ಮ ಮಾತಿನಲ್ಲಿ ಹಾಗಲ್ಲ, ಒಳಗಿದ್ದುದನ್ನು ಎತ್ತಿ ತಂದು ಹತ್ತು ಜನರ ನಡುವೆ ಇಡಬೇಕು. ನನಗೆ ಇದೇ ಜಾಸ್ತಿ ಹಿಡಿಸುತ್ತದೆ.

ಶರಣರು ಈ ಪದವನ್ನು ಇನ್ನೂ ಆಳಕ್ಕೆ ಒಯ್ದರು. ಅಲ್ಲಮಪ್ರಭುಗಳಿಗೆ ಬಯಲು ಎಂದರೆ ರೂಪವಿಲ್ಲದ, ಎಲ್ಲೆಯಿಲ್ಲದ ಪರವಸ್ತು. ದೊಡ್ಡವರು ತೀರಿಕೊಂಡಾಗ ‘ಬಯಲಾದರು’ ಅನ್ನುವುದು ಅಲ್ಲಿಂದಲೇ.

ಆ ಶರಣರ ಮಾತುಗಳೇ ಬಹಳ ಕಾಲ ಅರಿವೆ ಸುತ್ತಿದ ಓಲೆಕಟ್ಟುಗಳಲ್ಲಿ ಉಳಿದಿದ್ದವು. ಎಷ್ಟೋ ಮನೆಗಳ ಜಗಲಿಯ ಮೇಲೆ ಅವಕ್ಕೆ ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಕೈಯಲ್ಲಿದ್ದುದನ್ನೆಲ್ಲ ಇದಕ್ಕೇ ಸುರಿದರು. ಬಯಲಿಗೆ ತರುವುದು ಅಂದರೆ ಇದು.

ಈಗ ಪತ್ರಿಕೆಗಳಲ್ಲಿ ಹಗರಣ ಬಯಲು, ಮೋಸ ಬಯಲು ಅಂತಲೇ ಕಾಣುತ್ತದೆ. ಒಳ್ಳೆಯದನ್ನು ಹೊರಗೆ ತಂದಾಗ ಈ ಪದ ಯಾಕೆ ನೆನಪಾಗುವುದಿಲ್ಲ? ನಿಮ್ಮ ಮನೆಯ ಅಟ್ಟದಲ್ಲೋ ಜಗಲಿಯ ಮೇಲೋ ಹಳೆಯ ಓಲೆಕಟ್ಟು ಇದ್ದರೆ ದಯವಿಟ್ಟು ನೀರಿಗೆ ಬಿಡಬೇಡಿ. ಓದಬಲ್ಲವರಿಗೆ ಒಮ್ಮೆ ತೋರಿಸಿ. ನಮಸ್ಕಾರ.