ಪಾದ್ರಿಯ ಮನೆಯ ಹೆಣ್ಣುಮಕ್ಕಳು

ಕೇಳುಗರೇ, ನಮಸ್ಕಾರ.

ಇವತ್ತು ಚಾರ್ಲ್ಸ್ ಕಿಂಗ್ಸ್ಲಿ ಬಗ್ಗೆ ಮಾತಾಡೋಣ. ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಎವರ್ಸ್ಲಿ ಅಂತ ಒಂದು ಹಳ್ಳಿ. ಕಿಂಗ್ಸ್ಲಿ ಅಲ್ಲಿ 1844ರಿಂದ 1875ರಲ್ಲಿ ಸಾಯುವ ತನಕ ಪಾದ್ರಿ, ಜೊತೆಗೆ ಹೆಸರಾಂತ ಕಾದಂಬರಿಕಾರ. ಅವರ ಕಾದಂಬರಿಗಳ ವಿಷಯ ಇವತ್ತು ಬೇಡ. ಅವರ ಸುತ್ತ ಇದ್ದ ಹೆಂಗಸರು ಹೇಗೆ ಓದಿದರು, ಹೇಗೆ ಬರೆದರು ಅನ್ನೋದೇ ನನಗೆ ಮುಖ್ಯ.

1848ರ ಮೇ ತಿಂಗಳಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿ ಕ್ವೀನ್ಸ್ ಕಾಲೇಜು ಶುರುವಾಯಿತು. ಶುರು ಮಾಡಿದವರು ಎಫ್. ಡಿ. ಮಾರಿಸ್, ಅವರೂ ಪಾದ್ರಿಯೇ. ಆ ಕಾಲದಲ್ಲಿ ಓದಿದ ಮನೆತನದ ಹುಡುಗಿಗೆ ಆಸ್ತಿ ಇಲ್ಲ, ಮದುವೆ ಇಲ್ಲ ಅಂದರೆ ಉಳಿಯುತ್ತಿದ್ದ ದಾರಿ ಒಂದೇ: ಯಾರದೋ ಮನೆಯಲ್ಲಿ ಉಳಿದು ಅವರ ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸ. ಸಂಬಳ ಕಡಿಮೆ. ಅದಕ್ಕಿಂತ ದೊಡ್ಡ ಕಷ್ಟ ಅಂದರೆ, ಪಾಠ ಹೇಳುವವಳಿಗೇ ಯಾರೂ ಸರಿಯಾಗಿ ಪಾಠ ಹೇಳಿರಲಿಲ್ಲ. ಅಂಥವರಿಗಾಗಿ ಈ ಕಾಲೇಜು ಹುಟ್ಟಿತು. ಅಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಬರವಣಿಗೆ ಕಲಿಸಲು ಮೊದಲು ಬಂದವರು ಇಪ್ಪತ್ತೆಂಟು ವರ್ಷದ ಕಿಂಗ್ಸ್ಲಿ.

ಆ ತರಗತಿಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಪಾಠ ಮಾಡುವವರು ಗಂಡಸರು. ಕೂತವರು ಹುಡುಗಿಯರು, ಹನ್ನೆರಡು ವರ್ಷದವರೂ ಇದ್ದರು. ಕಾವಲಿಗೆ ಅಂತ ದೊಡ್ಡ ಮನೆತನದ ಒಬ್ಬ ಹೆಂಗಸು ಕೋಣೆಯಲ್ಲೇ ಕೂತಿರಬೇಕು. ಅಂಥ ಕೋಣೆಯಲ್ಲಿ ನಿಂತು ಕಿಂಗ್ಸ್ಲಿ, ಅಲ್ಲೊಂದು ಇಲ್ಲೊಂದು ಚೆಂದದ ತುಣುಕು ಬಾಯಿಪಾಠ ಮಾಡಿದರೆ ಸಾಲದು, ಪುಸ್ತಕವನ್ನು ಪೂರ್ತಿ ಓದಿ ಅನ್ನುವ ಅರ್ಥದ ಮಾತು ಹೇಳಿದರು. ಈಗ ಇದು ತೀರಾ ಸಾಮಾನ್ಯ ಮಾತು, ಅಲ್ವಾ? ಆಗ ಸಾಮಾನ್ಯವಾಗಿರಲಿಲ್ಲ. ಆರೋಗ್ಯ ಕೆಟ್ಟು ಅವರು ಬೇಗನೇ ಕೆಲಸ ಬಿಟ್ಟರು. ಕಾಲೇಜು ಮಾತ್ರ ಉಳಿದು ಬೆಳೆಯಿತು. ಅರ್ಧ ಶತಮಾನ ಕಳೆದ ಮೇಲೆ, 1903ರಲ್ಲಿ, ನ್ಯೂಜಿಲೆಂಡಿನಿಂದ ಬಂದ ಒಬ್ಬ ಹುಡುಗಿ ಅಲ್ಲಿ ಸೇರಿ ಕಾಲೇಜು ಪತ್ರಿಕೆಗೆ ಕತೆ ಬರೆದಳು. ಅವಳೇ ಮುಂದೆ ಹೆಸರಾಂತ ಕತೆಗಾರ್ತಿಯಾದ ಕ್ಯಾಥರಿನ್ ಮ್ಯಾನ್ಸ್‌ಫೀಲ್ಡ್.

ಹಾಗಂತ ಕಿಂಗ್ಸ್ಲಿ ಹೆಂಗಸರ ಬರವಣಿಗೆಯನ್ನು ಯಾವಾಗಲೂ ಸರಿಯಾಗಿ ಅಳೆದರು ಅಂತ ಅಲ್ಲ. ಷಾರ್ಲೆಟ್ ಬ್ರಾಂಟೆಯ ಒಂದು ಕಾದಂಬರಿ ಕಿರಿಯ ಪಾದ್ರಿಗಳನ್ನು ಗೇಲಿ ಮಾಡುತ್ತಾ ಶುರುವಾಗುತ್ತದೆ. ಕಿಂಗ್ಸ್ಲಿ ಆ ಶುರುವಿನಲ್ಲೇ ಬೇಸರಪಟ್ಟು ಪುಸ್ತಕ ಪಕ್ಕಕ್ಕಿಟ್ಟುಬಿಟ್ಟಿದ್ದರು, ಬರೆದವಳಿಗೆ ಒರಟುತನವೇ ಇಷ್ಟ ಅಂದುಕೊಂಡಿದ್ದರು. ಆಕೆ ತೀರಿಕೊಂಡು ಎರಡು ವರ್ಷಕ್ಕೆ, 1857ರಲ್ಲಿ, ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಬರೆದ ಆಕೆಯ ಜೀವನಚರಿತ್ರೆ ಓದಿದರು. ಓದಿ ಗ್ಯಾಸ್ಕೆಲ್‌ಗೆ ಪತ್ರ ಬರೆದು, ನಾನು ಆಕೆಯನ್ನು ತಪ್ಪು ತಿಳಿದಿದ್ದೆ, ಸದ್ಯ ಅದನ್ನು ಎಲ್ಲೂ ಅಚ್ಚು ಹಾಕಿಸಲಿಲ್ಲ ಎಂದು ಒಪ್ಪಿಕೊಂಡರು. ಈ ಪತ್ರಕ್ಕಾಗಿ ನನಗೆ ಅವರ ಮೇಲೆ ಗೌರವ ಜಾಸ್ತಿ. ಬ್ರಾಂಟೆ ಕೂಡ ಪಾದ್ರಿಯ ಮಗಳು, ಆಕೆಯೂ ಗವರ್ನೆಸ್ ಆಗಿ ಸವೆದವಳು.

1869ರಲ್ಲಿ ಹೆಂಗಸರಿಗೆ ಮತದ ಹಕ್ಕು ಬೇಕು ಅಂತ ಲಂಡನ್ನಿನಲ್ಲಿ ನಡೆದ ಸಭೆಯಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಜೊತೆ ಕಿಂಗ್ಸ್ಲಿಯೂ ಇದ್ದರು. ಮರುವರ್ಷವೇ ಆ ಚಳವಳಿಯಿಂದ ದೂರ ಸರಿದರು. ಹೆಂಗಸರು ವೈದ್ಯಕೀಯ ಓದಬೇಕು ಅನ್ನೋದನ್ನು ಮಾತ್ರ ಬಿಡಲಿಲ್ಲ.

ಇನ್ನು ಅವರದೇ ಮನೆತನಕ್ಕೆ ಬರೋಣ. ತಮ್ಮ ಜಾರ್ಜ್ ಕಿಂಗ್ಸ್ಲಿ ಡಾಕ್ಟರು, ವರ್ಷದಲ್ಲಿ ಬಹಳ ಕಾಲ ದೇಶಾಂತರ. ಆ ಜಾರ್ಜ್ ಮಗಳು ಮೇರಿ, ಹುಟ್ಟಿದ್ದು 1862ರಲ್ಲಿ. ದೊಡ್ಡಪ್ಪ ಊರವರ ಹೆಣ್ಣುಮಕ್ಕಳಿಗೆ ಕಾಲೇಜಿನಲ್ಲಿ ಪಾಠ ಮಾಡಿದವರು, ಆದರೆ ಈ ಹುಡುಗಿಯನ್ನು ಶಾಲೆಗೇ ಕಳಿಸಲಿಲ್ಲ. ಅವಳ ಓದಿಗಾಗಿ ದುಡ್ಡು ಖರ್ಚಾಗಿದ್ದು ಒಂದು ಜರ್ಮನ್ ಪಾಠಕ್ಕೆ ಮಾತ್ರ. ಅವಳ ತಮ್ಮನ ಓದಿಗೆ 2,000 ಪೌಂಡ್ ಖರ್ಚಾಯಿತು ಎಂದು ಅವಳೇ ಪತ್ರದಲ್ಲಿ ಬರೆದಿದ್ದಾಳೆ. ಆ ಎರಡು ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಅಪ್ಪನ ಪುಸ್ತಕದ ಕಪಾಟೇ ಅವಳಿಗೆ ಶಾಲೆಯಾಯಿತು. ಯಂತ್ರಗಳ ಪತ್ರಿಕೆ ತರಿಸಿ ಓದಿ, ಮನೆಯ ನಲ್ಲಿ-ಪೈಪು ರಿಪೇರಿ ಮಾಡುತ್ತಿದ್ದಳು. ಕಾಯಿಲೆಯ ಅಮ್ಮನನ್ನು ನೋಡಿಕೊಂಡೇ ಮೂವತ್ತರ ಹತ್ತಿರ ಬಂದಳು. 1892ರಲ್ಲಿ ಅಪ್ಪ, ಅಮ್ಮ ಇಬ್ಬರೂ ಎರಡೇ ತಿಂಗಳ ಅಂತರದಲ್ಲಿ ತೀರಿಹೋದರು. ಮರುವರ್ಷ ಮೇರಿ ಒಬ್ಬಳೇ ಪಶ್ಚಿಮ ಆಫ್ರಿಕಾಕ್ಕೆ ಹಡಗು ಹತ್ತಿದಳು. ಅಲ್ಲಿ ಒಮ್ಮೆ, ಪ್ರಾಣಿ ಹಿಡಿಯಲು ತೋಡಿ ಚೂಪು ಗೂಟ ನೆಟ್ಟಿದ್ದ ಗುಂಡಿಗೆ ಬಿದ್ದಳು. ಎಲ್ಲರ ಮಾತು ಕೇಳಿ ಗಂಡಸರ ಪ್ಯಾಂಟು ಹಾಕಿದ್ದರೆ ಸತ್ತೇಹೋಗುತ್ತಿದ್ದೆ, ಈ ದಪ್ಪ ಲಂಗ ಉಳಿಸಿತು ಎಂದು ಬರೆದಳು. 1897ರಲ್ಲಿ ಬಂದ ಆ ಪ್ರವಾಸದ ಪುಸ್ತಕವನ್ನು ಜನ ಮುಗಿಬಿದ್ದು ಓದಿದರು. 1900ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ಜೊತೆಗಿನ ಯುದ್ಧದಲ್ಲಿ ಸೆರೆಸಿಕ್ಕ ಬೋಯರ್‌ಗಳ, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದವರ, ಶುಶ್ರೂಷೆ ಮಾಡುತ್ತಾ ಟೈಫಾಯಿಡ್ ತಗುಲಿ ತೀರಿಕೊಂಡಳು. ಆಗ ಅವಳಿಗೆ ಬರೀ ಮೂವತ್ತೇಳು.

ಇನ್ನೊಬ್ಬಳು ಕಿಂಗ್ಸ್ಲಿಯ ಸ್ವಂತ ಮಗಳು, ಅವಳ ಹೆಸರೂ ಮೇರಿಯೇ. ಚಿತ್ರಕಲೆ ಕಲಿತಳು, ಪಾದ್ರಿಯೊಬ್ಬರನ್ನು ಮದುವೆಯಾದಳು, ಆಮೇಲೆ ಕಾದಂಬರಿ ಬರೆಯಲು ಕೂತಳು. ಅಪ್ಪನ ಹೆಸರಿನ ಬಲದಿಂದ ಓದುಗರು ಬರುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕೇ ಲ್ಯೂಕಸ್ ಮ್ಯಾಲೆಟ್ ಅಂತ ಗಂಡಸಿನಂಥ ಹೆಸರು ಇಟ್ಟುಕೊಂಡಳು. ಅಪ್ಪ ಬರೆಯಲು ಹಿಂಜರಿಯುತ್ತಿದ್ದ ವಿಷಯಗಳನ್ನೇ ಎತ್ತಿಕೊಂಡು ಬರೆದಳು, ಬೈಸಿಕೊಂಡಳು, ದೊಡ್ಡ ಹೆಸರೂ ಮಾಡಿದಳು.

ಅಪ್ಪ ಸತ್ತು ನಲವತ್ತೊಂದು ವರ್ಷ ಕಳೆದಿತ್ತು. ಅವರು ಅರ್ಧಕ್ಕೆ ಬಿಟ್ಟುಹೋದ ಒಂದು ಕಾದಂಬರಿಯನ್ನು ಮಗಳು ತಿದ್ದಿ, ಮುಗಿಸಿ, 1916ರಲ್ಲಿ ಅಚ್ಚು ಹಾಕಿಸಿದಳು. ಅದರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಅಂತ ಅಪ್ಪನ ಹೆಸರಿತ್ತು. ಪೂರ್ತಿ ಮಾಡಿದವರು ಅವರ ಮಗಳು, ಲ್ಯೂಕಸ್ ಮ್ಯಾಲೆಟ್ ಅಂತ ಅದರ ಜೊತೆಯಲ್ಲೇ ಇತ್ತು.

ನಮಸ್ಕಾರ.