ಕುದಿಯುವ ನೀರು ಇನ್ನಷ್ಟು ಕಾಯುವುದಿಲ್ಲ

ಕೇಳುಗರಿಗೆ ನಮಸ್ಕಾರ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು: ಒಮ್ಮೆ ಕುದಿಯತೊಡಗಿದ ನೀರು, ಕೆಳಗೆ ಎಷ್ಟೇ ಉರಿ ಹಾಕಿದರೂ, ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ತೆರೆದ ಪಾತ್ರೆಯ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಲ್ಲುತ್ತದೆ; ಆಮೇಲೆ ಕೊಟ್ಟ ಶಾಖವೆಲ್ಲ ಅದನ್ನು ಉಗಿ ಮಾಡುವುದಕ್ಕೇ ವೆಚ್ಚವಾಗುತ್ತದೆ. ಉಷ್ಣಮಾಪಕದಲ್ಲಿ ಕಾಣಿಸಿಕೊಳ್ಳದ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದರು; ನಾನು ಕಣ್ಣಾರೆ ಕಂಡದ್ದು ಮುಧೋಳದ ಹತ್ತಿರ ಬೆಲ್ಲ ಮಾಡುವ ಒಂದು ಗಾಣದಮನೆಯಲ್ಲಿ.

ಅಲ್ಲಿ ಕಬ್ಬಿನ ಹಾಲು ತುಂಬಿದ ಕಡಾಯಿಯ ಅಂಚಿನಲ್ಲಿ ಪ್ರಯೋಗಾಲಯದ ಉಷ್ಣಮಾಪಕವನ್ನು ಇಳಿಬಿಟ್ಟು ಕುಳಿತೆ. ಪಾದರಸ ಸರಸರನೆ ಏರಿ, ಹಾಲು ಕುದಿಯುತ್ತಲೇ, ನೂರರ ಗೆರೆಯ ತುಸು ಮೇಲೆ ನಿಂತುಬಿಟ್ಟಿತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಹಿರಿಯರು ಬಂದು ಬಗ್ಗಿ ನೋಡಿ, “ಸರ, ನಿಮ್ಮ ಕಡ್ಡಿ ಕೆಟ್ಟೈತ್ರಿ, ಇಷ್ಟ ಉರಿ ಹಾಕಿದ್ರೂ ಏರಲೊಲ್ದು” ಎಂದರು. ಕಡ್ಡಿ ಕೆಟ್ಟಿರಲಿಲ್ಲ. 30 ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರನ್ನು ಕುದಿಬಿಂದುವಿಗೆ ತರಲು 70 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಉಗಿಯಾಗಲು 540 ಕ್ಯಾಲೊರಿ ಬೇಕು. ಆ ಸಿಪ್ಪೆಯ ಶಾಖವೆಲ್ಲ ನಮ್ಮ ಕಣ್ಣೆದುರಿಗೇ ಬಿಳಿಯ ಹಬೆಯಾಗಿ ಛಾವಣಿಯ ಸಂದಿನಿಂದ ಹೊರಗೆ ಹೋಗುತ್ತಿತ್ತು. ಎರಡು ತಾಸಿನ ಮೇಲೆ, ನೀರು ಬಹುಪಾಲು ಹೋಗಿ ಪಾಕ ಗಟ್ಟಿಯಾಗುತ್ತ ಬಂದಾಗ, ಪಾದರಸ ಮತ್ತೆ ಏರತೊಡಗಿತು. ಹಿರಿಯರು ತಣ್ಣೀರಿನಲ್ಲಿ ಪಾಕದ ಹನಿ ಬಿಟ್ಟು, ಬೆರಳಿನಿಂದ ಉಂಡೆ ಮಾಡಿ, ಹದ ಬಂತು ಎಂದರು. ಉಷ್ಣಮಾಪಕ 118 ತೋರಿಸುತ್ತಿತ್ತು. ಆ ಬೆರಳಿನ ಲೆಕ್ಕಕ್ಕೆ ನಾನು ಇಂದಿಗೂ ಕೈ ಮುಗಿಯುತ್ತೇನೆ.

ಗಾಣದಮನೆಯಲ್ಲಿ ನೀರನ್ನು ಓಡಿಸುವುದೇ ಕೆಲಸವಾದ್ದರಿಂದ ದೊಡ್ಡ ಉರಿ ಬೇಕು. ನಿಮ್ಮ ಮನೆಯ ತೊಗರಿಬೇಳೆಗೆ ಬೇಡ. ಬೇಳೆ ಕುದಿ ಹಿಡಿದ ಮೇಲೂ ಗ್ಯಾಸನ್ನು ಪೂರ್ತಿ ತಿರುಗಿಸಿಟ್ಟರೆ ಬೇಗ ಬೇಯುತ್ತದೆ ಎನ್ನುವವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ: ಕುದಿಯುವ ನೀರು ಇನ್ನಷ್ಟು ಕಾಯುವುದಿಲ್ಲ. ಉರಿ ಸಣ್ಣದು ಮಾಡಿ, ಮುಚ್ಚಳ ಮುಚ್ಚಿ. ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ, ಗ್ಯಾಸು ಉಳಿಯುತ್ತದೆ. ಉಗಿ ತಾಗಿದರೆ ಕೈ ಅಷ್ಟೊಂದು ಸುಡುವುದೂ ಇದೇ ಕಾರಣಕ್ಕೆ: ಚರ್ಮದ ಮೇಲೆ ನೀರಾಗುವಾಗ ಅದು ಆ 540 ಕ್ಯಾಲೊರಿಯನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ.

ರೊಟ್ಟಿ ಉಬ್ಬುವ ಬಗೆಯನ್ನೂ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತ ಬಂದಿದೆ. ಕುಡಿಯುವ ನೀರಿನ ಮಣ್ಣಿನ ಗಡಿಗೆ, ಅಂದರೆ ಹರವಿಯ ಮಾತನ್ನಷ್ಟೇ ಹೇಳುತ್ತೇನೆ. ವಿಜಯಪುರದ ಬಿಸಿಲಿನಲ್ಲಿ ಹರವಿಯ ಮೈಯಿಂದ ಜಿನುಗುವ ನೀರು ಕುದಿಯದೆಯೇ ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಆದ್ದರಿಂದ ಚಂದ ಕಾಣಲೆಂದು ಹರವಿಗೆ ಎಣ್ಣೆಬಣ್ಣ ಬಳಿಯಬೇಡಿ, ಗಾಳಿಯಾಡುವ ಕಡೆ ಇಡಿ. ನಮಸ್ಕಾರ.