ಕೊಳ್ಳುವ ಮುಂಚೆ ಮಗುಚಿ ನೋಡಿ

ಎಲ್ಲರಿಗೂ ನಮಸ್ಕಾರ.

ಇವತ್ತು ಬರುವಾಗ ಒಂದು ಮರದ ಡ್ರಾಯರ್ ಹೊತ್ತು ತಂದಿದ್ದೇನೆ. ಮೇಜು ಮನೆಯಲ್ಲಿದೆ, ಡ್ರಾಯರ್ ಮಾತ್ರ ಬಂದಿದೆ. ಆ ಮೇಜು ನನಗೆ ಸಿಕ್ಕಿದ್ದು ಒಂದು ಗ್ಯಾರೇಜ್ ಸೇಲ್‌ನಲ್ಲಿ, ಅಂದರೆ ಮನೆಯವರು ತಮಗೆ ಬೇಡವಾದ ಹಳೆ ಸಾಮಾನನ್ನು ಮನೆ ಮುಂದೆ ಇಟ್ಟು ಮಾರುವ ಕಡೆ. ಮೇಲಿನ ಹಲಗೆ ತುಂಬ ಕಲೆ. ಬಿಸಿ ಲೋಟ ಇಟ್ಟ ಬಿಳಿ ಉಂಗುರಗಳು, ಮಸಿ ಚೆಲ್ಲಿದ ಗುರುತು. ನನಗಿಂತ ಮುಂಚೆ ಬಂದವರೆಲ್ಲ ಅದನ್ನು ನೋಡಿ ಮುಂದೆ ಹೋಗಿದ್ದರು. ನಾನು ಡ್ರಾಯರ್ ಹೊರಗೆಳೆದು ಮಗುಚಿ ನೋಡಿದೆ.

ಇಲ್ಲಿ ನೋಡಿ, ಈ ಮೂಲೆ. ಎರಡು ಹಲಗೆ ಸೇರುವ ಕಡೆ ಒಂದು ಮೊಳೆಯೂ ಇಲ್ಲ. ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂತಿದೆ. ಹಲ್ಲಿನ ಬುಡ ಸಣ್ಣ, ತುದಿ ಅಗಲ, ಪಾರಿವಾಳ ಬಾಲ ಬಿಚ್ಚಿದ ಹಾಗೆ. ಇದಕ್ಕೆ ಡವ್‌ಟೇಲ್ ಜಾಯಿಂಟ್ ಅಂತಾರೆ. ಡ್ರಾಯರನ್ನು ದಿನಾ ಎಳೆದರೂ ಈ ಮೂಲೆ ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಇನ್ನೂ ಹತ್ತಿರದಿಂದ ನೋಡಿ, ಹಲ್ಲುಗಳು ಒಂದೇ ಅಳತೆಯಲ್ಲಿಲ್ಲ. ಗುರುತು ಹಾಕಿಕೊಂಡ ಗೀರು ಹಾಗೇ ಉಳಿದಿದೆ. ಯಾರೋ ಬಡಗಿ ಕೂತು, ಗರಗಸ ಉಳಿ ಹಿಡಿದು, ಕೈಯಲ್ಲೇ ಮಾಡಿದ ಕೆಲಸ ಇದು. ತಳದ ಹಲಗೆಯನ್ನು ಮುಟ್ಟಿದರೆ ಸ್ವಲ್ಪ ಅಲ್ಲಾಡುತ್ತೆ. ಅದು ದೋಷ ಅಲ್ಲ. ಹವೆಯಲ್ಲಿ ತೇವ ಜಾಸ್ತಿಯಾದರೆ ಮರ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ಅದಕ್ಕೆ ಅಂತ ಜಾಗ ಬಿಟ್ಟು ಕೂರಿಸಿದ್ದಾನೆ. ಅಂಟು ಹಾಕಿ ಬಿಗಿ ಮಾಡಿದ್ದರೆ ಇಷ್ಟು ಹೊತ್ತಿಗೆ ಹಲಗೆ ಸೀಳಿರುತ್ತಿತ್ತು.

ಮೇಲಿನ ಕಲೆ ಉಪ್ಪುಕಾಗದ ಹಾಕಿ ಉಜ್ಜಿದ ಮೇಲೆ ಎರಡು ದಿನದಲ್ಲಿ ಹೋಯಿತು. ಆದರೆ ಇಂಥ ಮೂಲೆ ನನ್ನ ಕೈಯಲ್ಲಿ ಎರಡು ವರ್ಷಕ್ಕೂ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸಾಮಾನಿನ ಬಗ್ಗೆ ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಹಳೆ ವಸ್ತುವಿಗೆ ಬೆಲೆ ಹಾಕುವವರು ಸಾಮಾನ್ಯವಾಗಿ ಅದರ ಮುಖ ನೋಡಿ ಹಾಕುತ್ತಾರೆ. ಧೂಳು, ಕಲೆ, ಮಾಸಿದ ಬಣ್ಣ ಕಂಡರೆ ಬೆಲೆ ಇಳಿಯುತ್ತೆ. ತೊಳೆದು ಹೊಳಪು ಕೊಟ್ಟಿದ್ದರೆ ಏರುತ್ತೆ. ಆ ವಸ್ತು ಎಷ್ಟು ದಿನ ಬಾಳುತ್ತೆ ಅನ್ನೋದು ಮಾತ್ರ ಅದರ ಬೆನ್ನಲ್ಲಿ, ತಳದಲ್ಲಿ, ಹೊಲಿಗೆಯಲ್ಲಿ ಇರುತ್ತೆ. ಮುಖಕ್ಕೂ ಬೆನ್ನಿಗೂ ನಡುವೆ ಇರುವ ಈ ವ್ಯತ್ಯಾಸವೇ ನಮಗೆ ಸಿಗುವ ಲಾಭ. ಉಲ್ಟಾ ಆದರೆ ನಷ್ಟವೂ ಅದೇ.

ನಷ್ಟದ ಕಥೆಯೂ ಇದೆ. ಒಮ್ಮೆ ಚೆಂದದ ಪಾಲಿಶ್ ಇದ್ದ ಪುಸ್ತಕದ ಕಪಾಟು ತಂದೆ. ಗೋಡೆಗೆ ಒರಗಿಸಿಟ್ಟಿದ್ದರು, ಹಿಂದುಗಡೆ ನೋಡಲಿಲ್ಲ. ಕೆಲವು ವಾರ ಕಳೆದ ಮೇಲೆ ನೆಲದ ಮೇಲೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಕಪಾಟು ತಿರುಗಿಸಿದರೆ ಬೆನ್ನಿನ ತುಂಬ ಗುಂಡುಸೂಜಿ ಚುಚ್ಚಿದಂಥ ತೂತು, ಮರದ ಹುಳು ಒಳಗೇ ಇತ್ತು. ಪಕ್ಕದಲ್ಲಿದ್ದ ಒಳ್ಳೆಯ ಪೆಟ್ಟಿಗೆಗೂ ಹತ್ತಿತು. ಆ ಪೆಟ್ಟಿಗೆ ನನ್ನ ಅಜ್ಜಿಯದು. ಕಪಾಟು ಹೋಗಿದ್ದಕ್ಕಿಂತ ಅದು ಹೋಗಿದ್ದು ಇವತ್ತಿಗೂ ಬೇಜಾರು. ಆಮೇಲೆ ಕಲಿತೆ. ತೂತಿನ ಒಳಗೋಡೆ ಕಪ್ಪಾಗಿದ್ದು, ತಟ್ಟಿದರೆ ಪುಡಿ ಬೀಳದಿದ್ದರೆ ಹುಳು ಹೋಗಿ ಬಹಳ ಕಾಲ ಆಗಿರುವ ಸಾಧ್ಯತೆ ಜಾಸ್ತಿ. ತೂತು ಹೊಸ ಮರದ ಬಣ್ಣದಲ್ಲಿದ್ದು ಪುಡಿ ಉದುರಿದರೆ ಆ ಕಡೆ ತಿರುಗಿಯೂ ನೋಡಬೇಡಿ.

ಬಟ್ಟೆಯ ವಿಷಯಕ್ಕೆ ಬರೋಣ, ಯಾಕೆಂದರೆ ಥ್ರಿಫ್ಟ್ ಸ್ಟೋರ್‌ಗಳಲ್ಲಿ, ಅಂದರೆ ಬಳಸಿದ ಸಾಮಾನು ಮಾರುವ ಅಂಗಡಿಗಳಲ್ಲಿ, ಬಟ್ಟೆಯೇ ಜಾಸ್ತಿ. ಬಟ್ಟೆಯನ್ನು ಮಗುಚುವುದು ಅಂದರೆ ಒಳಮೈ ಹೊರಗೆ ಮಾಡುವುದು. ಹೊಲಿಗೆಯ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಧಾರಾಳವಾಗಿ ಬಿಟ್ಟಿದ್ದರೆ ಬೇಕಾದಾಗ ಸಡಿಲ ಮಾಡಿಸಬಹುದು. ಚೌಕುಳಿ ಅಥವಾ ಪಟ್ಟೆಯ ಅಂಗಿಯಾದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ಕೂಡಿಸಬೇಕು ಅಂದರೆ ಬಟ್ಟೆ ಜಾಸ್ತಿ ಹಿಡಿಯುತ್ತೆ, ಕತ್ತರಿಸುವವನಿಗೆ ತಾಳ್ಮೆ ಬೇಕು. ಅಲ್ಲಿ ತಾಳ್ಮೆ ತೋರಿಸಿದವರು ಗುಂಡಿ ಹಾಕುವಾಗಲೂ ತೋರಿಸಿರುತ್ತಾರೆ. ಕಂಕುಳು, ಕಾಲರಿನ ಒಳಬದಿ, ಪ್ಯಾಂಟಿನ ತೊಡೆಸಂದು, ಬಟ್ಟೆ ಮೊದಲು ಸವೆಯುವುದು ಇಲ್ಲೇ. ಉಣ್ಣೆಯ ಸ್ವೆಟರ್ ಆದರೆ ಬೆಳಕಿಗೆ ಹಿಡಿದು ನೋಡಿ, ನುಸಿ ತಿಂದ ತೂತು ಮಿನುಗುತ್ತೆ. ಗುಂಡಿ ಹೋಗಿದ್ದರೆ, ಅಂಚು ಬಿಚ್ಚಿದ್ದರೆ ಚಿಂತೆ ಬೇಡ. ಸೂಜಿದಾರ ಹಿಡಿಯಲು ಬಂದರೆ ಅರ್ಧ ಗಂಟೆಯ ಕೆಲಸ. ಎಲಾಸ್ಟಿಕ್ ಸತ್ತ ಬಟ್ಟೆ ಮಾತ್ರ ಬೇಡ, ಬಟ್ಟೆಯೊಳಗೇ ನೇಯ್ದ ಆ ಎಳೆಗೆ ಮತ್ತೆ ಜೀವ ಬರುವುದಿಲ್ಲ.

ಸೈಜಿನ ಚೀಟಿ ನಂಬಬೇಡಿ. ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆ, ಅದರ ಮೇಲೆ ಒಗೆತಕ್ಕೆ ಕುಗ್ಗಿರುತ್ತೆ. ಮನೆಯಲ್ಲಿ ನಿಮಗೆ ಸರಿಯಾಗಿ ಕೂರುವ ಒಂದು ಅಂಗಿಯ ಭುಜ, ಎದೆ, ಉದ್ದ ಅಳೆದು ಬರೆದಿಟ್ಟುಕೊಳ್ಳಿ. ಚೀಲದಲ್ಲಿ ಒಂದು ಟೇಪು ಇರಲಿ.

ಅದರ ಜೊತೆ ಒಂದು ಸಣ್ಣ ಅಯಸ್ಕಾಂತವೂ ಇರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಹೊಳೆಯುವ ದೀಪ ಅಯಸ್ಕಾಂತವನ್ನು ಗಪ್ಪನೆ ಹಿಡಿದರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ತೆಳು ಲೇಪ ಅಷ್ಟೆ. ಬೆಳ್ಳಿಗೆ ಈ ಪರೀಕ್ಷೆ ಸಾಲದು, ಯಾಕೆಂದರೆ ಬೆಳ್ಳಿಯಂತೆ ಕಾಣುವ ಹಲವು ಲೋಹಗಳಿಗೂ ಅಯಸ್ಕಾಂತ ಅಂಟುವುದಿಲ್ಲ. ಚಮಚ ಮಗುಚಿ ಹಿಡಿಯ ಹಿಂಭಾಗ ಓದಿ. 925 ಅಂತಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಅಂತ ಅರ್ಥ. ಇಂಗ್ಲಿಷಿನಲ್ಲಿ ಇ.ಪಿ.ಎನ್.ಎಸ್. ಅಂತಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ಲೇಪ.

ಮುಖ ನೋಡಿ ಬೆಲೆ ಹಾಕುವುದು ಅಂದಾಗ ಒಂದು ಬಟ್ಟಲಿನ ಕಥೆ ನೆನಪಾಗುತ್ತೆ. 2007ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಕುಟುಂಬ ಗ್ಯಾರೇಜ್ ಸೇಲ್‌ನಲ್ಲಿ ಜುಜುಬಿ ಕಾಸಿಗೆ ಒಂದು ಸಣ್ಣ ಬಿಳಿ ಬಟ್ಟಲು ಕೊಂಡಿತು. ಕೆಲವು ವರ್ಷ ಮನೆಯಲ್ಲೇ ಇಟ್ಟುಕೊಂಡು, ಆಮೇಲೆ ತಿಳಿದವರಿಗೆ ತೋರಿಸಿತು. ಅದು ಚೀನಾದ ಉತ್ತರ ಸಾಂಗ್ ರಾಜವಂಶದ ಕಾಲದ, ಡಿಂಗ್ ಎಂಬ ಬಗೆಯ ಪಿಂಗಾಣಿ, ಸುಮಾರು ಸಾವಿರ ವರ್ಷ ಹಳೆಯದು. 2013ರ ಮಾರ್ಚ್‌ನಲ್ಲಿ ಸೋದಬೀಸ್ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಮೇಲೆ ಹೋಯಿತು. ಇದು ನಿಜ. ಆದರೆ ಇದನ್ನು ತಲೆಯಲ್ಲಿಟ್ಟುಕೊಂಡು ಹೊರಟರೆ ಕೆಲಸಕ್ಕೆ ಬಾರದ ಬಟ್ಟಲುಗಳಿಂದ ಮನೆ ತುಂಬುತ್ತೆ. ದಿನಾ ಬಳಸುವ ಗಟ್ಟಿ ಬಾಣಲೆ, ಹತ್ತು ವರ್ಷ ಬರುವ ಕೋಟು, ಇಂಥವನ್ನು ಹುಡುಕಿ. ಅವು ಸಿಕ್ಕೇ ಸಿಗುತ್ತವೆ.

ಗ್ಯಾರೇಜ್ ಸೇಲ್‌ಗೂ ಥ್ರಿಫ್ಟ್ ಸ್ಟೋರ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಥ್ರಿಫ್ಟ್ ಸ್ಟೋರ್‌ಗೆ ಸಾಮಾನು ಹೆಚ್ಚಾಗಿ ದಾನವಾಗಿ ಬಂದಿರುತ್ತೆ. ಬಾಸ್ಟನ್ನಿನಲ್ಲಿ 1902ರಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಗುಡ್‌ವಿಲ್ ಎಂಬ ಸಂಸ್ಥೆ ಶುರು ಮಾಡಿದ್ದೇ ಹಾಗೆ. ಉಳ್ಳವರ ಮನೆಯಿಂದ ಹಳೆ ಬಟ್ಟೆ, ಸಾಮಾನು ತಂದು, ಕೆಲಸ ಇಲ್ಲದವರಿಗೆ ರಿಪೇರಿ ಕೆಲಸ ಕೊಟ್ಟು, ಸರಿಪಡಿಸಿ ಮಾರಿದರು. ಅಂಥ ಕಡೆ ಚೌಕಾಸಿ ಮಾಡುವುದು ನನಗೆ ಇಷ್ಟವಿಲ್ಲ. ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತೆ, ಅಲ್ವಾ?

ಗ್ಯಾರೇಜ್ ಸೇಲ್‌ನಲ್ಲಿ ವಸ್ತುವಿನ ಮನೆಯವರೇ ಎದುರಿಗೆ ನಿಂತಿರುತ್ತಾರೆ. ಬೆಲೆ ಕೇಳುವುದಕ್ಕಿಂತ ಮುಂಚೆ "ಇದನ್ನ ಯಾಕೆ ಕೊಡ್ತಾ ಇದ್ದೀರಿ?" ಅಂತ ಕೇಳಿ. ಮನೆ ಬದಲಿಸುತ್ತಿದ್ದೇವೆ ಅಂದರೆ ವಸ್ತು ಚೆನ್ನಾಗಿಯೇ ಇರಬಹುದು. ಉತ್ತರ ತಡವರಿಸಿದರೆ ನೀವೂ ನಿಧಾನ ಮಾಡಿ. ಹೊಲಿಗೆ ಮಷಿನ್ ಆದರೆ ಪಕ್ಕದ ಚಕ್ರ ಕೈಯಲ್ಲಿ ತಿರುಗಿಸಿ, ಸೂಜಿ ಸಲೀಸಾಗಿ ಏರಿಳಿಯಬೇಕು. ಕರೆಂಟಿನ ಸಾಮಾನಾದರೆ ಅಲ್ಲೇ ಹಾಕಿ ತೋರಿಸಲು ಹೇಳಿ, ವೈರ್ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಬೇಡ. ಒಳ್ಳೆ ಸಾಮಾನು ಬೇಕಾದರೆ ಬೆಳಗ್ಗೆ ಬೇಗ ಹೋಗಿ. ಬೆಲೆ ಇಳಿಯಬೇಕಾದರೆ ಮುಗಿಯುವ ಹೊತ್ತಿಗೆ ಹೋಗಿ, ಉಳಿದದ್ದನ್ನು ಒಳಗೆ ಹೊರುವ ಮನಸ್ಸು ಯಾರಿಗೂ ಇರುವುದಿಲ್ಲ. ಎರಡೂ ಒಂದೇ ಸಲ ಸಿಗುವುದು ಅಪರೂಪ. ಕೇಳುವಾಗ ಮರ್ಯಾದೆಯಿಂದ ಕೇಳಿ. ಅವರ ತಾಯಿಯ ಕುರ್ಚಿ ಇರಬಹುದು ಅದು.

ಎಷ್ಟೇ ಅಗ್ಗವಾಗಿ ಸಿಕ್ಕರೂ ನಾನು ಮುಟ್ಟದ ಕೆಲವು ಇವೆ. ಹೆಲ್ಮೆಟ್ ಒಂದು. ಒಳಗಿನ ಫೋಮ್ ಒಂದು ಪೆಟ್ಟು ಬಿದ್ದು ಕುಸಿದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಇದು ಮಗುಚಿ ನೋಡಿದರೂ ಗುಟ್ಟು ಬಿಡುವುದಿಲ್ಲ. ಮಕ್ಕಳ ಕಾರ್ ಸೀಟೂ ಹಾಗೇ. ಮಗುವಿನ ತೊಟ್ಟಿಲ ಮಂಚದಲ್ಲಿ ಒಂದು ಬದಿಯ ಕಟಕಟೆ ಕೆಳಗೆ ಜಾರುವ ಹಳೆಯ ಮಾದರಿ ಇದ್ದರೆ ಬೇಡವೇ ಬೇಡ. ಮಕ್ಕಳು ಅದರ ಸಂದಿಗೆ ಸಿಕ್ಕಿ ಸತ್ತಿದ್ದಾರೆ. ಅಮೆರಿಕದಲ್ಲಿ 2011ರ ಜೂನ್‌ನಿಂದ ಅದರ ಮಾರಾಟವೇ ನಿಷೇಧ. ಹಳೆಯ ಬಣ್ಣದ ಆಟಿಕೆಗಳಲ್ಲಿ ಸೀಸ ಇರಬಹುದು. ಹಾಸಿಗೆಯ ಹೊಲಿಗೆಗುಂಟ ಕಪ್ಪು ಚುಕ್ಕೆ ಕಂಡರೆ ಅದು ತಿಗಣೆಯ ಗುರುತಿರಬಹುದು. ತಂದ ಬಟ್ಟೆಯನ್ನು ಬೀರುವಿಗೆ ಹಾಕುವ ಮುಂಚೆ, ತಡೆದುಕೊಳ್ಳುವ ಬಟ್ಟೆಯಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಉಣ್ಣೆಯನ್ನು ಕವರಿನಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಡಿ.

ಮಾತು ಸಾಕು. ಇಲ್ಲಿನ ಮೇಜಿನ ಮೇಲೆ ಎರಡು ಪಿಂಗಾಣಿ ಬಟ್ಟಲು ಇಟ್ಟಿದ್ದೇನೆ. ನೋಡಲು ಒಂದೇ ಥರ ಇವೆ. ಒಂದರಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಕಣ್ಣಿಗೆ ಕಾಣುವುದಿಲ್ಲ. ಬೆರಳ ತುದಿಯ ಮೇಲೆ ನಿಲ್ಲಿಸಿ, ಉಗುರಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಒಂದು ಬಟ್ಟಲು ಗಂಟೆ ಬಾರಿಸಿದ ಹಾಗೆ ಠಣ್ ಅನ್ನುತ್ತೆ, ಇನ್ನೊಂದು ಬರೀ ಟಪ್ ಅಂತ ಸುಮ್ಮನಾಗುತ್ತೆ. ಡ್ರಾಯರೂ ಇಲ್ಲೇ ಇರುತ್ತೆ. ಬನ್ನಿ, ಒಬ್ಬೊಬ್ಬರಾಗಿ ಕೈಯಲ್ಲಿ ಹಿಡಿದು ನೋಡಿ.